ಎಂಟು ಐದರ ರೈಲು

ನಾಲ್ಕೇ ರಾತ್ರಿ. ಬೊಲೋನ್ಯಾದ ಈ ಮನೆ ಲೊರೆದಾನಾಳದು,
ಬೀಗದ ಕೈ ಜೊತೆ ಚೀಟಿ, ಅದರಲ್ಲಿ ಒಂದೇ ಷರತ್ತು:
ಕಿಟಕಿಯ ಜೆರೇನಿಯಂಗೆ ದಿನಾ ಒಂದು ಲೋಟ ನೀರು.
ನುನ್ಸಿಯೋ ಬೂಟು ಬಿಚ್ಚುವ ಮೊದಲೇ
ಅಡುಗೆಮೇಜಿನ ಮೇಲೆ ರೈಲಿನ ವೇಳಾಪಟ್ಟಿ ಹರಡಿದ,
ಮೂಲೆ ಹಾರದಂತೆ ಉಪ್ಪಿನ ಡಬ್ಬಿ ಹೇರಿದ.

"ಫೆರಾರಾ ಅರ್ಧ ಗಂಟೆ. ಮೊದೆನಾ ಅದಕ್ಕೂ ಕಡಿಮೆ.
ರವೆನ್ನಾ ಗಂಟೆಯ ಮೇಲಾಗುತ್ತೆ, ಆದರೆ ಅಲ್ಲಿ
ಗೋಡೆಗೋಡೆಯಲ್ಲಿ ಚಿನ್ನದ ಹರಳು.
ಪಾರ್ಮಾ ನೋಡಿಕೊಂಡು ರಾತ್ರಿ ಊಟಕ್ಕೆ ಇಲ್ಲೇ."
ಬೆರಳು ಹಳಿಯ ಮೇಲೆ ಓಡಿತು.
ಬೊಲೋನ್ಯಾ ಮಾತ್ರ ಅವನ ಅಂಗೈ ಕೆಳಗೆ
ಮುಚ್ಚಿಹೋಗಿತ್ತು.

ಬಯ್ಯಲಾರೆ ಅವನನ್ನು.
ಹತ್ತೊಂಬತ್ತು ವರ್ಷದಿಂದ ಮೆಸ್ಸಿನಾದ ಹಡಗಿನಲ್ಲಿ ಹಗ್ಗ ಎಸೆಯುವವನು:
ಇಪ್ಪತ್ತು ನಿಮಿಷ ಆಚೆ, ಇಪ್ಪತ್ತು ನಿಮಿಷ ಈಚೆ,
ಆ ದಡಕ್ಕೆ ಒಂದು ಕಾಲಿಡುವಷ್ಟರಲ್ಲಿ
ಹಗ್ಗ ಬಿಚ್ಚು ಎಂಬ ಕೂಗು.
ಪಾಪ, ರಜೆಯಲ್ಲೂ ಅವನು ಆರಿಸಿದ್ದೆಲ್ಲ
ಸಂಜೆಗೆ ವಾಪಸು ಬರುವ ಊರುಗಳೇ.

ನನ್ನದು ರಾತ್ರಿ ಪಾಳಿ, ಮೂಳೆಮುರಿತದ ವಾರ್ಡು,
ಇಪ್ಪತ್ತೆರಡು ಹಾಸಿಗೆ. ಒಬ್ಬರ ದಿಂಬು ಸರಿಮಾಡುವಾಗ
ಇನ್ನೊಬ್ಬರ ಗಂಟೆ.
ಯಾರ ಮುಖವನ್ನೂ ನಾನು ಪೂರ್ತಿ ನೋಡಿ ಮುಗಿಸಿದ್ದಿಲ್ಲ.
ನನಗೆ ಬೇಕಿದ್ದದ್ದು ಒಂದು ಕುರ್ಚಿ, ಒಂದು ಬೀದಿ,
ಅದರಲ್ಲಿ ಮತ್ತೆ ಮತ್ತೆ ಹಾಯುವ
ಅದದೇ ಜನ.

"ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು" ಅಂದೆ.
"ಹತ್ತು ಚಿಪ್ಪು ಬಿಚ್ಚದೆ ಮುತ್ತು ಯಾವುದರಲ್ಲಿದೆ ಅಂತ ಹೇಗೆ ಗೊತ್ತು?" ಅಂದ.
ಕಡಲಿನವನ ಹತ್ತಿರ ಮುತ್ತಿನ ಮಾತು ಎತ್ತಬಾರದಿತ್ತು.
ಗುಡ್ಡದ ಇಗರ್ಜಿವರೆಗೆ ಇಲ್ಲೇ ಆರುನೂರ ಚಿಲ್ಲರೆ ಕಮಾನಿವೆಯಲ್ಲ, ಎಣಿಸು, ಅಂದೆ.
ಎಣಿಸೋಕೆ ಬಂದಿದ್ದೇವಾ, ಅಂದ.
ಮೊದಲ ದಿನ ಹೀಗೆ ಕಳೆಯಿತು,
ಯಾವ ಊರನ್ನೂ ನೋಡದೆ.

ಮರುದಿನ ಅವನು ಫೆರಾರಾಗೆ, ಒಬ್ಬನೇ.
ನಾನು ಕೆಳಗಿನ ಮೊಗಸಾಲೆಯಲ್ಲಿ, ಕೆಂಪು ಕಂಬಕ್ಕೆ ಒರಗಿ.
ಬೂಟು ರಿಪೇರಿಯ ಆತೋಸ್ ತನ್ನ ಸ್ಟೂಲು ಕೊಟ್ಟ,
"ಯಾರಿಗೆ ಕಾಯುತ್ತಿದ್ದೀರಿ?" ಎಂದ. ಯಾರಿಗೂ ಇಲ್ಲ, ಅಂದೆ. ನಂಬಲಿಲ್ಲ.
ಒಂಬತ್ತಕ್ಕೆ ಬಿಸಿಲು ಎದುರುಗೋಡೆಯ ಹಣೆಯಲ್ಲಿತ್ತು,
ಹನ್ನೆರಡಕ್ಕೆ ಮೊಣಕಾಲಿಗೆ ಇಳಿಯಿತು.
ನೀಲಿ ಕೋಟಿನ ಮುದುಕಿ ನಾಲ್ಕು ಸಲ ಹಾದಳು,
ಮೂರು ಸಲ ಬರಿಗೈ.
ನಾಲ್ಕನೆಯ ಸಲ ಕೈಯಲ್ಲಿ ಒಂದೇ ಒಂದು ನಿಂಬೆಹಣ್ಣು,
ಎತ್ತಿ ತೋರಿಸಿದಳು ನನಗೆ,
ಗೆದ್ದು ಬಂದವಳಂತೆ.

ಸುಳ್ಳೇಕೆ, ಮೂರರ ಹೊತ್ತಿಗೆ ಬೇಜಾರು ಹತ್ತಿತು.
ಫೆರಾರಾದಲ್ಲಿ ಏನಿದೆ, ಆತೋಸನನ್ನೇ ಕೇಳಿದೆ.
"ಹೋಗಿಲ್ಲ" ಅಂದ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ,
"ಅರ್ಧ ಗಂಟೆ ತಾನೇ, ಯಾವಾಗ ಬೇಕಾದರೂ ಹೋಗಬಹುದು."
ಅವನಿಗೆ ಅರವತ್ತೆಂಟು.

ಸಂಜೆ ಬಂದ ನುನ್ಸಿಯೋ, ಮೂಗೆಲ್ಲ ಬಿಸಿಲಿಗೆ ಕೆಂಪಾಗಿ,
ಕಂಕುಳಲ್ಲಿ ಕಾಗದ ಸುತ್ತಿದ ಬ್ರೆಡ್ಡು:
ಎರಡು ಎಳೆ ನಡುವೆ ಹೆಣೆದುಕೊಂಡು
ನಾಲ್ಕು ದಿಕ್ಕಿಗೆ ಕೊಂಬು ಚಾಚಿದ್ದು.
ಅಲ್ಲಿಯವರು ಅದನ್ನು ಜೋಡಿ ಅನ್ನುತ್ತಾರಂತೆ.
ಕೋಟೆ, ಕಂದಕ, ಸೈಕಲ್ಲು, ಸೈಕಲ್ಲು,
ಒಂದೇ ಉಸಿರಿಗೆ ಎಲ್ಲ ಹೇಳಿದ,
ಆಮೇಲೆ, "ನೋಡು ಅನ್ನೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ."
ನಾನು ನಿಂಬೆಹಣ್ಣಿನ ಕಥೆ ಹೇಳಿದೆ.
"ಒಂದೇನಾ?" ಎಂದು ಎರಡು ಸಲ ಕೇಳಿದ.
ನಮ್ಮ ನಮ್ಮ ಕೊಂಬು ಮುರಿದು ತಿಂದೆವು, ಗರಿಗರಿ.
ನಡುವಿನ ಗಂಟೊಂದೇ ಮೆತ್ತಗಿದ್ದದ್ದು,
ನಾಳೆಗಿರಲಿ ಎಂದು ಬಟ್ಟೆ ಮುಚ್ಚಿಟ್ಟೆವು.

ರವೆನ್ನಾ?
ಎಂಟು ಐದರ ರೈಲಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ,
ಪಕ್ಕದಲ್ಲಿ ನನಗಾಗಿ ಒಂದು ಪ್ರಶ್ನೆಚಿಹ್ನೆ.
ಅಲಾರಂ ಇಡಲಾ ಎಂದು ಕೇಳುವಷ್ಟರಲ್ಲಿ
ನಿದ್ದೆ ಹೋಗಿದ್ದ, ಕೈ ಮುಷ್ಟಿಯಾಗಿ,
ಹಗ್ಗ ಹಿಡಿದವನ ಹಾಗೆ.

ಹನ್ನೊಂದಕ್ಕೆ ತಟ್ಟನೆ ನೆನಪಾಗಿ ಎದ್ದೆ,
ಕತ್ತಲಲ್ಲೇ ಗಿಡಕ್ಕೆ ನೀರು ಹಾಕಿದೆ,
ಎರಡು ಲೋಟ,
ನಿನ್ನೆಯದೂ ಸೇರಿಸಿ.